ಮೆಲ್ಲಣ್ಣನ ಬಲಗಾಲು

ನನ್ನ ಗಂಡನನ್ನು ಡ್ರೈವರುಗಳೆಲ್ಲ ಕರೆಯುವುದು ಮೆಲ್ಲಣ್ಣ ಅಂತ. ಪ್ರೀತಿಯಿಂದ ಇಟ್ಟ ಹೆಸರೇನೂ ಅಲ್ಲ, ಗೇಲಿಗೆ ಇಟ್ಟದ್ದು. ಬೇರೆಯವರು ಒಂದೂವರೆ ಗಂಟೆಯಲ್ಲಿ ಹತ್ತಿ ಮುಗಿಸುವ ಬೆಟ್ಟದ ದಾರಿಗೆ ಇವರಿಗೆ ಎರಡೂಕಾಲು ಗಂಟೆ ಬೇಕು. ಹಿಂದೆ ಬಂದವರು ಹಾರನ್ ಬಾರಿಸಿ ಬಾರಿಸಿ ಸುಸ್ತಾಗಿ, ಪಕ್ಕಕ್ಕೆ ಬಂದು ದುರುಗುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಇವರು ಅಂಥವರಿಗೂ ಕೈ ಬೀಸುತ್ತಾರೆ. ಮದುವೆಯಾದ ಹೊಸದರಲ್ಲಿ ಪಕ್ಕದಲ್ಲಿ ಕೂತ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಇವರಿಗೆ ಕೋಪ ಎಲ್ಲಿದೆ ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ.

ನಿಧಾನಕ್ಕೆ ಕಾರಣ ಇತ್ತು. ಇವರು ಸಾಗಿಸುವುದು ಜೀವಂತ ಮೀನಿನ ಮರಿ. ಪಿಕಪ್ ಗಾಡಿಯ ಹಿಂದೆ ಆರು ನೀಲಿ ಡ್ರಮ್ಮು, ಒಂದೊಂದರಲ್ಲೂ ಉಗುರಿನುದ್ದದ ಸಾವಿರಾರು ಮರಿಗಳು, ಗುಳುಗುಳು ಅಂತ ಗಾಳಿ ಬಿಡುವ ಪಂಪು. ಜೋರಾಗಿ ಬ್ರೇಕ್ ಒತ್ತಿದರೆ ನೀರು ಡ್ರಮ್ಮಿನ ಗೋಡೆಗೆ ಅಪ್ಪಳಿಸುತ್ತದೆ, ನೀರಿನ ಜೊತೆ ಮರಿಗಳೂ. ಹಾಗಂತ ದಾರಿಯಲ್ಲಿ ನಿಂತುಬಿಟ್ಟರೆ ನೀರು ಬಿಸಿಯಾಗಿ ಅವು ಉಸಿರುಕಟ್ಟಿ ಸಾಯುತ್ತವೆ. ಹದಿನೆಂಟು ವರ್ಷದಿಂದ ಇವರು ಬಲಗಾಲಿನ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲೇ ಪೆಡಲ್ ಒತ್ತುತ್ತಾ ಬಂದಿದ್ದಾರೆ. "ನಾನು ಗಾಡಿ ಓಡಿಸ್ತಿಲ್ಲ ಕಣೇ, ನೀರು ಹೊತ್ಕೊಂಡು ಹೋಗ್ತಿದೀನಿ. ಹಿಂದೆ ನೀರು ಏನು ಮಾಡ್ತಿದೆ ಅಂತ ನನ್ನ ಅಂಗಾಲಿಗೆ ಗೊತ್ತಾಗುತ್ತೆ" ಅನ್ನುತ್ತಿದ್ದರು. ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ನಕ್ಕಿದ್ದೇನೆ ಕೂಡ.

ನನ್ನದು ಟಾರ್ಪಾಲು ಹೊಲಿಯುವ ಅಂಗಡಿ. ನಮ್ಮಪ್ಪ ಲಾರಿಗಳಿಗೆ ಲೋಡು ಕಟ್ಟುತ್ತಿದ್ದವರು. ಅವರು ಹಗ್ಗ ಬಿಗಿದರೆ ಲಾರಿ ಮಗುಚಿದರೂ ಮೂಟೆ ಅಲ್ಲಾಡುವುದಿಲ್ಲ ಅಂತ ಹೆಸರಾಗಿತ್ತು. ಅವರ ಕೈಗುಣ ನನಗೆ ಸೂಜಿದಾರಕ್ಕೆ ಬಂತು, ನಮ್ಮಣ್ಣನಿಗೆ ಪಾನಾ ಸ್ಪ್ಯಾನರಿಗೆ ಬಂತು. ಅಣ್ಣನ ಗ್ಯಾರೇಜು ನನ್ನ ಅಂಗಡಿಗೆ ಅಂಟಿಕೊಂಡೇ ಇದೆ, ನಡುವೆ ಒಂದು ತಗಡಿನ ಗೋಡೆ. ಅವನು ಸ್ಪ್ಯಾನರ್ ಬೀಳಿಸಿದರೆ ನನ್ನ ಹೊಲಿಗೆ ಸೊಟ್ಟಗಾಗುತ್ತದೆ, ನಾನು ಬೈದರೆ ಅವನ ಗಿರಾಕಿಗಳು ಬೆಚ್ಚುತ್ತಾರೆ. ಇವರು ಕೆಲಸ ಮಾಡುವ ಮೀನುಮರಿ ಕೇಂದ್ರದ ಗಾಡಿಗಳೆಲ್ಲ ರಿಪೇರಿಗೆ ಬರುವುದು ಅವನ ಹತ್ತಿರವೇ. ಅಣ್ಣನೂ ಇವರೂ ಒಬ್ಬರನ್ನೊಬ್ಬರು ಭಾವ ಅನ್ನುತ್ತಾರೆ. ಇಬ್ಬರೂ ಒಟ್ಟಿಗಿದ್ದಾಗ ನಾನು "ಭಾವ" ಅನ್ನುವ ಕೂಗು ಕೇಳಿದರೆ ಯಾರು ಯಾರಿಗೆ ಅಂದದ್ದು ಅಂತ ದನಿ ಹಿಡಿದು ತಿಳಿಯಬೇಕು. ಗಟ್ಟಿ ದನಿ ಅಣ್ಣನದು.

ಗಾಡಿಗೆ ರೋಗ ಶುರುವಾಗಿ ಎರಡು ತಿಂಗಳಾಗಿತ್ತು. ಬೆಟ್ಟ ಹತ್ತುವಾಗ ಇದ್ದಕ್ಕಿದ್ದಂತೆ ಎದುರಿನ ಫಲಕದಲ್ಲಿ ಕಿತ್ತಳೆ ಬಣ್ಣದ ಇಂಜಿನ್ ದೀಪ ಹತ್ತುತ್ತಿತ್ತು. ಅದರ ಕೆಳಗೆ ಇಂಜಿನ್ನಿನ ಶಕ್ತಿ ತಗ್ಗಿಸಲಾಗಿದೆ ಅನ್ನುವ ಎಚ್ಚರಿಕೆ. ಅಲ್ಲಿಗೆ ಮುಗಿಯಿತು, ಎಷ್ಟು ಒತ್ತಿದರೂ ಗಾಡಿ ಮುಲುಗುತ್ತದೆಯೇ ಹೊರತು ಏರುವುದಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಐದು ನಿಮಿಷ ಕಾದು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತದೆ. ಮೊದಲು ಹತ್ತು ದಿನಕ್ಕೊಮ್ಮೆ ಬಂತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಒಂದೇ ಏರಿಗೆ ಎರಡು ಸಲ. ಒಂದು ಸಲ ಅರ್ಧ ಡ್ರಮ್ಮು ಮರಿಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಆ ದಿನ ಇವರು ಊಟ ಮಾಡಲಿಲ್ಲ.

ಗ್ಯಾರೇಜಿಗೆ ತಂದರೆ ಗಾಡಿ ಸಾಧು. ಅಣ್ಣ ಡೀಸೆಲ್ ಫಿಲ್ಟರ್ ಬದಲಿಸಿದ, ಗಾಳಿಯ ಕೊಳವೆ ಬಿಚ್ಚಿ ಊದಿದ, ಆಕ್ಸಿಲರೇಟರ್ ಪೆಡಲನ್ನೇ ಹೊಸದು ಹಾಕಿದ. ಊರೆಲ್ಲ ಸುತ್ತಾಡಿಸಿದ. ದೀಪ ಹತ್ತಲೇ ಇಲ್ಲ. "ಇದು ನನ್ನ ಮುಂದೆ ನಾಟಕ ಆಡುತ್ತೆ" ಅಂತ ಬಾನೆಟ್ಟಿಗೆ ಒಂದು ಕೊಟ್ಟ. ಕೊನೆಗೆ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ತಪ್ಪುಗಳನ್ನು ಓದುವ ಪೆಟ್ಟಿಗೆಯೊಂದನ್ನು ಪೇಟೆಯಿಂದ ತರಿಸಿ ಸಿಕ್ಕಿಸಿದ.

ಆಗ ಮೀನುಮರಿ ಕೇಂದ್ರದ ಮಾಲೀಕಮ್ಮನೂ ಅಲ್ಲೇ ಇದ್ದರು. ಕೆಟ್ಟವರಲ್ಲ. ಆದರೆ ಮಾತು ಅಳೆದು ಆಡುವವರು, ಆಡಿದ ಮೇಲೆ ಬದಲಿಸದವರು. ಅಣ್ಣ ಪೆಟ್ಟಿಗೆಯ ಪರದೆ ನೋಡಿದ. ನೋಡಿ ಸುಮ್ಮನಾದ. ನಮ್ಮಣ್ಣ ಸುಮ್ಮನಾಗುವುದು ಅಂದರೆ ನನಗೆ ಅಲ್ಲೇ ಅನುಮಾನ.

"ಏನಂತೆ?" ಅಂದರು ಮಾಲೀಕಮ್ಮ.

"ಆಕ್ಸಿಲರೇಟರೂ ಬ್ರೇಕೂ ಒಟ್ಟಿಗೆ ಒತ್ತಿದಾರೆ ಅಂತ ತೋರಿಸ್ತಿದೆ. ಹಾಗೆ ಎರಡೂ ಒಟ್ಟಿಗೆ ಒತ್ತಿದ್ರೆ, ಏನೋ ಎಡವಟ್ಟಾಗಿದೆ ಅಂತ ಕಂಪ್ಯೂಟರ್ ತಾನೇ ಶಕ್ತಿ ತೆಗೆದುಬಿಡುತ್ತೆ. ಬ್ರೇಕಿನ ಸ್ವಿಚ್ಚೂ ನೋಡ್ದೆ, ನೂರು ಸಲ ಪೆಡಲ್ ಒತ್ತಿ ಬಿಟ್ಟೆ, ಒಂದು ಸಲಾನೂ ತಪ್ಪಲಿಲ್ಲ." ಅಣ್ಣ ಇವರ ಕಡೆ ತಿರುಗಿದ. "ಭಾವ, ಬೇಜಾರು ಮಾಡ್ಕೋಬೇಡಿ. ಕಾಲು ಬ್ರೇಕಿನ ಮೇಲೆ ಜಾರ್ತಿದೆಯಾ ಅಂತ ಸ್ವಲ್ಪ ನೋಡ್ಕೊಳ್ಳಿ."

ಇವರು ತಮ್ಮ ಬಲಗಾಲನ್ನೇ ನೋಡಿಕೊಂಡರು, ಅದು ಬೇರೆ ಯಾರದೋ ಕಾಲು ಅನ್ನುವ ಹಾಗೆ. ನಾನು ಸುಮ್ಮನಿರಲಾರದೆ, "ಹದಿನೆಂಟು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ, ಪೆಟ್ಟಿಗೆ ಹೇಳ್ತು ಅಂತ ನೀನೂ ಶುರು ಮಾಡ್ದ್ಯಾ?" ಅಂತ ಅಣ್ಣನ ಮೇಲೆ ಹರಿಹಾಯ್ದೆ. ಮಾಲೀಕಮ್ಮ ಕೈ ಎತ್ತಿ ನನ್ನನ್ನು ತಡೆದರು.

"ಶುಕ್ರವಾರ ಮೇಲಿನ ಕೆರೆಗಳಿಗೆ ವರ್ಷದ ದೊಡ್ಡ ಲೋಡು ಹೋಗ್ಬೇಕು. ಅಷ್ಟರೊಳಗೆ ಗಾಡಿದು ತಪ್ಪು ಅಂತ ತೋರಿಸಿದ್ರೆ ಸರಿ. ಇಲ್ಲಾಂದ್ರೆ ಸ್ಟೇರಿಂಗಿಗೆ ಬೇರೆಯವರು. ಮೆಲ್ಲಣ್ಣನಿಗೆ ಮರಿ ಸಾಕೋ ತೊಟ್ಟಿ ಹತ್ರ ಕೆಲಸ ಇದ್ದೇ ಇದೆ, ನಾನು ಬಿಟ್ಟುಹಾಕೋದಿಲ್ಲ. ಆದ್ರೆ ಹೇಳಿದ ಮಾತು ಕಾಲೇ ಕೇಳದೇ ಇರೋರನ್ನ ಆ ಬೆಟ್ಟಕ್ಕೆ ಕಳಿಸೋಕೆ ನನ್ನಿಂದಾಗಲ್ಲ."

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂದದ್ದು.

ಆ ಮಾತು ಇವರಿಗೆ ಎಲ್ಲಿ ಚುಚ್ಚಿತು ಅನ್ನುವುದು ನನಗೊಬ್ಬಳಿಗೇ ಗೊತ್ತು. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇತ್ತು. ಐವತ್ತು ತುಂಬುವ ಹೊತ್ತಿಗೆ ಕಾಲಿನ ಅರಿವು ಹೋಗಿತ್ತು. ನಡೆಯುತ್ತಾ ನಡೆಯುತ್ತಾ ಚಪ್ಪಲಿ ಹಿಂದೆ ಉಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಮೊಳೆ ತುಳಿದು ಮನೆಯೆಲ್ಲ ರಕ್ತದ ಹೆಜ್ಜೆ ಮೂಡಿಸಿ, "ಇದ್ಯಾರದು?" ಅಂತ ನಮ್ಮನ್ನೇ ಕೇಳಿದ್ದರು. ಇವರಿಗೆ ಈಗ ನಲವತ್ತೊಂಬತ್ತು.

ಮಂಗಳವಾರ ಸಂಜೆ ನನ್ನ ದಪ್ಪ ಸೂಜಿ ಕಾಣಲಿಲ್ಲ. ಅಂಗಡಿಯೆಲ್ಲ ಜಾಲಾಡಿ, ಅಣ್ಣನಿಗೂ ನಾಲ್ಕು ಬೈದು ಮನೆಗೆ ಬಂದರೆ ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಇವರು ಮಣೆಯ ಮೇಲೆ ಕೂತು, ಬಲಗಾಲನ್ನು ಎಡತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ ಸೂಜಿಯಿಂದ ಅಂಗಾಲನ್ನು ಚುಚ್ಚಿಕೊಳ್ಳುತ್ತಿದ್ದರು. ಒಂದು ಕಡೆ ಚುಚ್ಚುವುದು, ಕಾಯುವುದು, ಇನ್ನೊಂದು ಕಡೆ ಚುಚ್ಚುವುದು. ಟಾರ್ಪಾಲು ಹೊಲಿಯುವ ಸೂಜಿ ಅದು, ಹಸುವಿನ ಚರ್ಮಕ್ಕೂ ಇಳಿಯುತ್ತದೆ.

"ಏನ್ರೀ ಇದು! ತಲೆ ಕೆಟ್ಟಿದೆಯಾ?" ಅಂತ ಕಿತ್ತುಕೊಂಡೆ.

"ಗೊತ್ತಾಗುತ್ತೆ ಕಣೇ. ಎಲ್ಲಾ ಕಡೇನೂ ಗೊತ್ತಾಗುತ್ತೆ." ಹಿಮ್ಮಡಿಯನ್ನು ಒತ್ತಿ ನೋಡಿ, "ಹಿಮ್ಮಡಿ ಹತ್ರ ಒಂದು ಸ್ವಲ್ಪ ತಡವಾಗಿ ಗೊತ್ತಾಯ್ತೇನೋ" ಅಂದರು.

"ಹಿಮ್ಮಡಿ ಚರ್ಮ ಎಲ್ಲರಿಗೂ ದಪ್ಪ. ನಡೀರಿ ಡಾಕ್ಟರ್ ಹತ್ರ."

"ಶುಕ್ರವಾರ ಆಗ್ಲಿ. ಡಾಕ್ಟರು ಬರೆದುಕೊಟ್ಟರೆ ಮುಗೀತು. ಬರೆದದ್ದನ್ನ ಅಳಿಸೋಕಾಗಲ್ಲ."

ನಾನು ರಕ್ತ ಒರೆಸಿ ಬಟ್ಟೆ ಕಟ್ಟಿದೆ. ಬೈಯಲು ಬಾಯಿ ಬರಲಿಲ್ಲ. ನನಗೆ ಬೈಗುಳ ಬಾರದ ದಿನ ಅಂದರೆ ನಮ್ಮ ಮನೆಯಲ್ಲಿ ಏನೋ ನಿಜವಾಗಿ ಕೆಟ್ಟಿದೆ ಅಂತಲೇ ಲೆಕ್ಕ.

ಗುರುವಾರ ಬೆಳಿಗ್ಗೆ ಅಣ್ಣನೇ ಒಂದು ಉಪಾಯ ಹೂಡಿದ. ಡ್ರಮ್ಮುಗಳಿಗೆ ಬರೀ ನೀರು ತುಂಬಿ ಬೆಟ್ಟ ಹತ್ತಿಸುವುದು. ಅವನು ಪೆಟ್ಟಿಗೆ ಹಿಡಿದು ಪಕ್ಕದ ಸೀಟಿನಲ್ಲಿ ಕೂರುವುದು. ನಾನು ಸ್ಕೂಟರಿನಲ್ಲಿ ಹಿಂದೆ ಬಂದು ಗಾಡಿಯ ಬ್ರೇಕ್ ದೀಪಗಳ ಮೇಲೆ ಕಣ್ಣಿಡುವುದು.

"ಗಾಡಿ ಶಕ್ತಿ ಕಳ್ಕೊಂಡಾಗ ಹಿಂದಿನ ಕೆಂಪು ದೀಪ ಹತ್ತಿದ್ರೆ ಭಾವ ಬ್ರೇಕ್ ಒತ್ತಿದಾರೆ ಅಂತ ಅರ್ಥ. ಹತ್ತದೇ ಇದ್ರೆ ಕಂಪ್ಯೂಟರ್ ಸುಳ್ಳು ಹೇಳ್ತಿದೆ ಅಂತ ಅರ್ಥ, ಅದನ್ನೇ ಬಿಚ್ಚಿ ನೋಡ್ತೀನಿ" ಅಂದ ಅಣ್ಣ. ನನಗೂ ಸರಿ ಅನ್ನಿಸಿತು. ಇವರು ತಲೆಯಾಡಿಸಿದರು.

ದಾರಿಯಲ್ಲಿ ಮಂಜು ಇತ್ತು. ನಾನು ಬಿಳಿ ಹೆಲ್ಮೆಟ್ ಹಾಕಿಕೊಂಡು ಹತ್ತು ಮಾರು ಹಿಂದೆ ಹೋಗುತ್ತಿದ್ದೆ. ಮೊದಲ ತಿರುವು ಕಳೆಯಿತು, ಎರಡನೆಯದು ಕಳೆಯಿತು. ಆ ದೀಪಗಳನ್ನು ಬಿಟ್ಟು ನಾನು ಬೇರೇನನ್ನೂ ನೋಡಲಿಲ್ಲ, ಗುಂಡಿಗಳನ್ನೂ ನೋಡಲಿಲ್ಲ. ಹತ್ತಬೇಡ, ಹತ್ತಬೇಡ ಅಂತ ಬಾಯಲ್ಲೇ ಹೇಳಿಕೊಳ್ಳುತ್ತಿದ್ದೆ. ಮೂರನೆಯದು ಎಡಕ್ಕೆ ಪೂರ್ತಿ ಹಿಂದಿರುಗುವ ಕಡಿದಾದ ತಿರುವು. ಗಾಡಿ ಒಳಗೆ ಹೊರಳಿತು, ಇಂಜಿನ್ನು ಹೂಂಕರಿಸಿತು, ಅದರ ಹಿಂದೆಯೇ ಎರಡೂ ದೀಪ ಝಗ್ಗನೆ ಕೆಂಪಗೆ ಹತ್ತಿದವು. ಗಾಡಿ ಅಲ್ಲೇ ಕುಸಿದಂತೆ ನಿಂತಿತು.

ನಾನು ಕಣ್ಣಾರೆ ಕಂಡಿದ್ದೆ. ಏರಿನಲ್ಲಿ, ಪೂರ್ತಿ ಶಕ್ತಿ ಬೇಕಾದ ಕಡೆ, ಇವರ ಕಾಲು ಬ್ರೇಕಿನ ಮೇಲಿತ್ತು, ಮತ್ತು ಅದು ಇವರಿಗೆ ಗೊತ್ತಿರಲಿಲ್ಲ.

ಅಣ್ಣ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ. "ಹತ್ತಿತಾ?"

ಇವರು ತಿರುಗಲಿಲ್ಲ. ಬಲಗಡೆಯ ಕನ್ನಡಿಯಲ್ಲಿ ಇವರ ಎರಡು ಕಣ್ಣು ನನ್ನನ್ನು ನೋಡುತ್ತಿದ್ದವು.

"ಇಲ್ಲ" ಅಂದೆ.

"ಸರಿಯಾಗಿ ನೋಡ್ದ್ಯಾ?"

"ನಾನೇನು ಕುರುಡೀನಾ? ಹತ್ತಲಿಲ್ಲ ಅಂದ್ರೆ ಹತ್ತಲಿಲ್ಲ!"

ಸುಳ್ಳು ಹೇಳುವಾಗ ನನಗೆ ಗಂಟಲು ಜೋರಾಗುತ್ತದೆ. ಅಣ್ಣನಿಗೆ ಅದು ಯಾವತ್ತಿನ ದನಿಯಂತೆಯೇ ಕೇಳಿಸಿರಬೇಕು. "ಹಾಗಾದ್ರೆ ಭಾವ, ನಿಮ್ಮ ಕಾಲಿಂದು ಏನೂ ತಪ್ಪಿಲ್ಲ. ನಾನೇ ಏನೋ ಬಾಯಿಗೆ ಬಂದಿದ್ದು ಮಾತಾಡ್ಬಿಟ್ಟೆ" ಅಂತ ಇವರ ಬೆನ್ನು ತಟ್ಟಿದ. ಇವರು ನಗಲಿಲ್ಲ. ಸಂಕೋಚದ ಮನುಷ್ಯ, ಹಾಗೇ ಇರುತ್ತಾರೆ ಅಂದುಕೊಂಡೆ.

ಆ ಸುಳ್ಳಿನ ಹಿಂದೆ ಅಣ್ಣ ಇಡೀ ದಿನ ಓಡಿದ. ಗಾಡಿಯ ಕಂಪ್ಯೂಟರನ್ನು ಹೊರತೆಗೆದ, ಅದಕ್ಕೆ ವೈರು ಸಿಕ್ಕಿಸುವ ಒಂದೊಂದು ಕಡ್ಡಿಯನ್ನೂ ಬ್ರಷ್ಷಿನಿಂದ ಉಜ್ಜಿದ, ಬ್ಯಾಟರಿಯ ವೈರು ಬದಲಿಸಿದ. ನಾನು ತಗಡಿನ ಗೋಡೆಯ ಈಚೆ ಕೂತು ಹೊಲಿಯುತ್ತಿದ್ದೆ. ಒಂದೇ ಅಂಚನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದೆ. ಸಂಜೆ ಐದಕ್ಕೆ ಅಣ್ಣ ಕೈ ಒರೆಸಿಕೊಳ್ಳುತ್ತಾ ಬಂದು, "ಇನ್ನು ಬರಲ್ಲ ಅನ್ಸುತ್ತೆ. ಮಾಲೀಕಮ್ಮನಿಗೂ ಹೇಳ್ದೆ, ಭಾವನೇ ಓಡಿಸಲಿ ಅಂದ್ರು. ನಾಳೆ ಎಂಟಕ್ಕೆ ಲೋಡು" ಅಂದ.

ಗೆದ್ದೆ ಅಂದುಕೊಳ್ಳಬೇಕಿತ್ತು. ಅಂದುಕೊಳ್ಳಲಾಗಲಿಲ್ಲ. ಹತ್ತುವಾಗ ಏನೋ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ? ಬ್ರೇಕ್ ಒತ್ತಿದ್ದೇನೆ ಅಂದುಕೊಂಡ ಕಾಲು ಆಕ್ಸಿಲರೇಟರಿನ ಮೇಲಿದ್ದರೆ? ಒಂದು ಕೆಲಸ ಉಳಿಸಲು ಹೋಗಿ ನಾನು ನನ್ನ ಗಂಡನನ್ನೇ ಪ್ರಪಾತದ ಕಡೆ ಕಳಿಸುತ್ತಿದ್ದೆ. ಮನೆಯಲ್ಲಿ ಇವರು ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. "ನಿಜ ಹೇಳ್ಬಿಡು" ಅಂತ ನನ್ನ ಮನಸ್ಸು ಹತ್ತು ಸಲ ನನ್ನನ್ನು ತಿವಿಯಿತು. ಹತ್ತು ಸಲವೂ ನಾನು ಸಾರು ಬಡಿಸಿದೆ. ಇವರ ಮುಖಕ್ಕೆ ಮುಖ ಕೊಟ್ಟು "ನಿಮ್ಮ ಕಾಲು ಸತ್ತಿದೆ" ಅನ್ನಲು ನನ್ನ ಉದ್ದ ನಾಲಿಗೆಗೂ ಆಗಲಿಲ್ಲ.

ಬೆಳಗಿನ ಜಾವ ಎದ್ದಾಗ ಮೇಜಿನ ಮೇಲೆ ನನ್ನ ನೀಲಿ ಸೀಮೆಸುಣ್ಣ ಕಂಡಿತು, ಟಾರ್ಪಾಲಿನ ಮೇಲೆ ಗೆರೆ ಎಳೆಯುವುದು. ಅದನ್ನು ನೋಡಿದ್ದೇ ಉಪಾಯ ಹೊಳೆಯಿತು. ದೀಪ ನೋಡಿದರೆ ಕಾಲು ಕಂಡ ಹಾಗಾಗುವುದಿಲ್ಲ. ಕಾಲನ್ನೇ ನೋಡಬೇಕು.

ಅಣ್ಣನನ್ನು ಎಬ್ಬಿಸಿ ಕರೆತಂದೆ. "ಲೋಡಿಗೆ ಮುಂಚೆ ಇನ್ನೊಂದು ಸಲ ಆ ತಿರುವು ಹತ್ತಿಸೋಣ. ಈ ಸಲ ದೀಪ ನೀನು ನೋಡು, ನಾನು ಒಳಗಿರ್ತೀನಿ. ನಿನ್ನೆ ಮಂಜಿತ್ತು, ನನಗೆ ನೆಟ್ಟಗೆ ಕಂಡಿಲ್ಲ" ಅಂದೆ.

"ಕುರುಡೀನಾ ಅಂತ ನನ್ನನ್ನೇ ಬೈದೆಯಲ್ಲೇ!"

"ಬೈದೆ. ಈಗ ನಡಿ."

ಮೂರನೇ ತಿರುವಿಗೆ ಸ್ವಲ್ಪ ಕೆಳಗೆ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಸಿದೆ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಣ್ಣ ತಿರುವಿನ ಹೊರಗಡೆ, ಹಿಂದಿನ ದೀಪ ಕಾಣುವ ಹಾಗೆ ನಿಂತ. ನಾನು ಬಗ್ಗಿ ಬ್ರೇಕ್ ಪೆಡಲಿನ ರಬ್ಬರಿನ ಮೇಲೆ ಬಟ್ಟೆಗೆ ಹಾಕುವಂತೆ ಒತ್ತೊತ್ತಾಗಿ ನೀಲಿ ಗೆರೆ ಎಳೆದೆ, ಉದ್ದಕ್ಕೆ ಐದು, ಅಡ್ಡಕ್ಕೆ ಐದು. ಇವರ ಬಲಗಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸೂಜಿಯ ಗಾಯಗಳು ಸಣ್ಣ ಚುಕ್ಕೆಗಳಾಗಿ ಒಣಗಿದ್ದವು. ಇವರು ಏನು, ಯಾಕೆ ಅಂತ ಕೇಳಲಿಲ್ಲ. ಮಗು ಕಾಲು ಕೊಡುವ ಹಾಗೆ ಕೊಟ್ಟರು.

"ಬ್ರೇಕ್ ಮುಟ್ಟಲೇಬೇಡಿ. ನಿಲ್ಲಿಸೋದಾದ್ರೆ ಹ್ಯಾಂಡ್‌ಬ್ರೇಕ್ ನಾನೇ ಎಳೀತೀನಿ. ಒಂದನೇ ಗೇರಲ್ಲೇ ಹೋಗಿ" ಅಂದೆ.

"ಮುಟ್ಟಬಾರದು ಅಂತಾನೇ ನಾನು ಎರಡು ತಿಂಗಳಿಂದ ಇದೀನಿ" ಅಂದರು.

ಹೊರಟೆವು. ನನ್ನ ಎಡಗೈಯೋ ಬಲಗೈಯೋ, ಯಾವುದೋ ಒಂದು ಹ್ಯಾಂಡ್‌ಬ್ರೇಕಿನ ಮೇಲಿತ್ತು, ಇನ್ನೊಂದರಲ್ಲಿ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದೆ. ಬಗ್ಗಿ ಕಾಲು ನೋಡಬೇಕು ಅಂದುಕೊಂಡಿದ್ದೆ, ನನ್ನಿಂದಾಗಲಿಲ್ಲ. ಕಣ್ಣು ಮುಚ್ಚಿಕೊಂಡೆ. ಸ್ಟೇರಿಂಗ್ ಎಡಕ್ಕೆ ಪೂರ್ತಿ ತಿರುಗುವ ಸದ್ದು ಕೇಳಿತು, ಇಂಜಿನ್ನು ಏರಿತು, ಟಿಣ್ ಅಂತ ಎಚ್ಚರಿಕೆಯ ದನಿ ಬಂತು. ಗಾಡಿ ಮುಗ್ಗರಿಸಿತು. ಹ್ಯಾಂಡ್‌ಬ್ರೇಕನ್ನು ಎದೆಗೆ ಬರುವಂತೆ ಎಳೆದೆ.

ಹಿಂದಿನಿಂದ ಅಣ್ಣ ಅರಚಿದ. "ಹತ್ತಿದೆ! ಕೆಂಪಗೆ ಹತ್ತಿದೆ! ಇನ್ನೂ ಉರೀತಿದೆ!"

"ಕಾಲು ತೋರಿಸಿ" ಅಂದೆ.

ಇವರು ಅಲ್ಲಾಡಲಿಲ್ಲ. ಎರಡೂ ಕೈ ಸ್ಟೇರಿಂಗನ್ನು ಹಿಡಿದೇ ಇದ್ದವು. "ಬೇಡ ಕಣೇ" ಅಂದರು. "ಹೋಗ್ಲಿ ಬಿಡು. ನಾನು ತೊಟ್ಟಿ ಹತ್ರಾನೇ ಇರ್ತೀನಿ."

ನನಗೆ ಎಲ್ಲಿಂದ ಬಂತೋ ಕೋಪ. ಇವರ ತೊಡೆಯ ಮೇಲೆ ಬಗ್ಗಿ ಪಾದವನ್ನು ಹಿಡಿದು ಎತ್ತಿ ತಿರುಗಿಸಿದೆ. ಅಂಗಾಲಿನಲ್ಲಿ ಆಕ್ಸಿಲರೇಟರಿನ ಕಪ್ಪು ಮಸಿ ಇತ್ತು. ನೀಲಿ ಇರಲಿಲ್ಲ. ಬೆರಳ ಸಂದಿಯಲ್ಲಿ ನೋಡಿದೆ, ಹಿಮ್ಮಡಿ ನೋಡಿದೆ. ಒಂದು ಕಣ ನೀಲಿ ಇರಲಿಲ್ಲ. ಪೆಡಲಿನ ಮೇಲೆ ಉದ್ದ ಐದು, ಅಡ್ಡ ಐದು, ಎಳೆದದ್ದು ಎಳೆದಂತೆಯೇ ಇದ್ದವು.

"ನೀವು ಮುಟ್ಟಿಲ್ಲ" ಅಂದೆ. "ರೀ, ನೀವು ಮುಟ್ಟೇ ಇಲ್ಲ!" ನನ್ನ ದನಿಗೆ ಕೆಳಗೆ ನಿಂತ ಅಣ್ಣ ಓಡಿಬಂದ.

ಅವನು ಬಾಗಿಲು ತೆಗೆದು, ಪೆಡಲ್ ನೋಡಿ, ಇವರ ಪಾದ ನೋಡಿ, ಮತ್ತೆ ಹಿಂದಕ್ಕೆ ಓಡಿ ದೀಪ ನೋಡಿ ಬಂದ. ಯಾರೂ ಬ್ರೇಕ್ ಮುಟ್ಟದೆಯೇ ದೀಪ ಉರಿಯುತ್ತಿತ್ತು. "ಸ್ಟೇರಿಂಗ್ ಹಾಗೇ ಹಿಡ್ಕೊಳ್ಳಿ ಭಾವ, ಬಿಡಬೇಡಿ" ಅಂತ ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಮಲಗಿದಂತೆ ಒಳಗೆ ನುಸುಳಿ ಪೆಡಲುಗಳ ಮೇಲಿನ ಕತ್ತಲೆಗೆ ತಲೆ ತೂರಿಸಿದ. "ಸ್ವಲ್ಪ ಬಲಕ್ಕೆ ತಿರುಗಿಸಿ. ಈಗ ಎಡಕ್ಕೆ. ಮತ್ತೆ ಬಲಕ್ಕೆ."

ಎಷ್ಟು ಹೊತ್ತಾದರೂ ಅವನು ಹೊರಗೆ ಬರಲಿಲ್ಲ. ಕಾಲು ಮಾತ್ರ ಬಾಗಿಲಿನಿಂದಾಚೆ ಇತ್ತು.

"ಅಣ್ಣಾ? ಏನು ಸಿಕ್ತು?"

"ಬ್ಲೇಡು ಕೊಡು" ಅಂದ.

ಹೊರಗೆ ಬಂದಾಗ ಅವನ ಅಂಗೈಯಲ್ಲಿ ಹಳದಿ ಮೇಣದ ದಾರದ ಒಂದು ಗಂಟಿತ್ತು. ಅದು ನನ್ನ ಅಂಗಡಿಯ ದಾರ. ಗಂಟು ನಮ್ಮಪ್ಪನದು, ಲೋಡಿಗೆ ಹಾಕುತ್ತಿದ್ದದ್ದು, ಜಗ್ಗಿದಷ್ಟೂ ಬಿಗಿಯಾಗುತ್ತಾ ಹೋಗುವ ಗಂಟು. ಊರಿನಲ್ಲಿ ಅದನ್ನು ಹಾಕಲು ಬರುವುದು ಇಬ್ಬರಿಗೇ, ನನಗೆ ಮತ್ತು ಅಣ್ಣನಿಗೆ. ಬೇರೆ ಮೆಕ್ಯಾನಿಕ್ಕುಗಳು ವೈರುಗಳನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟುತ್ತಾರೆ. ನಮ್ಮಣ್ಣನಿಗೆ ಅದು ಅವಮಾನ. ನನ್ನ ದಾರ ಕದ್ದು, ಅಪ್ಪನ ಗಂಟು ಹಾಕಿ, "ಈ ಜನ್ಮದಲ್ಲಿ ಬಿಚ್ಚಲ್ಲ" ಅಂತ ಬೀಗುತ್ತಾನೆ.

"ಎರಡು ತಿಂಗಳ ಹಿಂದೆ ಇಲ್ಲೊಂದು ಮುಚ್ಚಳ ಗಡಗಡ ಅಂತಿತ್ತು" ಅಂದ. ಇವರನ್ನು ನೋಡಲಿಲ್ಲ, ಗಂಟನ್ನೇ ನೋಡುತ್ತಿದ್ದ. "ಅದನ್ನ ಸರಿ ಮಾಡ್ತಾ ವೈರುಗಳನ್ನೆಲ್ಲ ಒಟ್ಟು ಸೇರಿಸಿ ಕಟ್ಟಿದ್ದೆ. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿದಾಗ ಅದರ ದಂಡದ ಕೀಲು ಈ ಕಟ್ಟನ್ನ ಒತ್ತುತ್ತೆ. ಆಗ ವೈರು ಬ್ರೇಕಿನ ಸ್ವಿಚ್ಚನ್ನ ಕೂದಲೆಳೆಯಷ್ಟು ಪಕ್ಕಕ್ಕೆ ಎಳೆಯುತ್ತೆ. ಅದೇ ಸ್ವಿಚ್ಚಿಂದ ಹಿಂದಿನ ದೀಪಾನೂ ಹತ್ತುತ್ತೆ, ಬ್ರೇಕ್ ಒತ್ತಿದ್ರು ಅಂತ ಕಂಪ್ಯೂಟರೂ ತಿಳ್ಕೊಳ್ಳುತ್ತೆ. ಒಂದೊಂದು ಸಲ ಒತ್ತಿದಾಗಲೂ ಗಂಟು ಇನ್ನಷ್ಟು ಬಿಗಿದಿದೆ. ಅದಕ್ಕೇ ದಿನ ಹೋದ ಹಾಗೆ ಜಾಸ್ತಿ ಆಗಿದ್ದು. ಗ್ಯಾರೇಜಲ್ಲಿ ನಾನು ಸ್ಟೇರಿಂಗ್ ನೆಟ್ಟಗಿಟ್ಕೊಂಡು ನೂರು ಸಲ ಪೆಡಲ್ ಒತ್ತಿದೆ. ಸಾವಿರ ಸಲ ಒತ್ತಿದ್ರೂ ಸಿಗ್ತಿರಲಿಲ್ಲ."

ಅವನು ಬೇಕಿದ್ದರೆ ದಾರವನ್ನು ಜೇಬಿಗೆ ಹಾಕಿಕೊಂಡು "ಯಾವುದೋ ವೈರು ಸಡಿಲ ಇತ್ತು" ಅನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮಣ್ಣನ ಬಾಯಿ ಎಷ್ಟೇ ದೊಡ್ಡದಿರಲಿ, ಆವತ್ತು ಅವನ ಮೇಲೆ ನನಗೆ ಹೆಮ್ಮೆಯಾಯಿತು. ಅಲ್ಲೇ ದಾರಿಯಲ್ಲಿ ನಿಂತು ಮಾಲೀಕಮ್ಮನಿಗೆ ಫೋನ್ ಹಚ್ಚಿ, "ಭಾವನ ಕಾಲು ಅಂತ ನಿಮ್ಮೆದುರು ಅಂದವನು ನಾನೇ. ತಪ್ಪು ಮಾಡಿದವನೂ ನಾನೇ. ನನ್ನ ಕೈಯಾರೆ ಕಟ್ಟಿದ್ದು" ಅಂದ. ಆ ಕಡೆಯಿಂದ ಏನು ಬಂತೋ, ಕಿವಿ ಕೆಂಪಗಾಗುವವರೆಗೆ ಕೇಳಿಸಿಕೊಂಡ. ಆಮೇಲೆ ಇವರ ಮುಂದೆ ಬಂದು ಕೈ ಮುಗಿಯಲು ಹೋದ. ಇವರು ಅವನ ಕೈ ಹಿಡಿದು ಕೆಳಗಿಳಿಸಿ, "ಎಂಟಕ್ಕೆ ಲೋಡು ಭಾವ, ಹೊರಡೋಣ" ಅಂದರು. ಅವನನ್ನು ಕ್ಷಮಿಸಲು ಇವರಿಗೆ ಅಷ್ಟೇ ಹೊತ್ತು ಸಾಕಾಯಿತು.

ಎಂಟೂಕಾಲಿಗೆ ಆರು ಡ್ರಮ್ಮು ಮರಿಗಳೊಂದಿಗೆ ಹೊರಟೆವು. ಜೊತೆಗೆ ನಾನೂ ಬರುತ್ತೇನೆ ಅಂದೆ, ಮಾಲೀಕಮ್ಮ ಬೇಡ ಅನ್ನಲಿಲ್ಲ. ಮೂರನೇ ತಿರುವು ಬಂತು. ಸ್ಟೇರಿಂಗ್ ಎಡಕ್ಕೆ ಪೂರ್ತಿ ಹೊರಳಿತು. ಗಾಡಿ ಒಂದೇ ಸಮನೆ ಏರಿ ಆಚೆ ಹೋಯಿತು. ನನಗೆ ಖುಷಿ ತಡೆಯಲಾಗದೆ ಇವರ ತೋಳಿಗೆ ಗುದ್ದಿದೆ. "ನೋಡಿದ್ರಾ! ನಾನು ಮೊದಲಿಂದಾನೂ ಹೇಳ್ತಾ ಇದ್ದೆ, ನಿಮ್ಮ ಕಾಲಿಗೇನೂ ಆಗಿಲ್ಲ ಅಂತ!"

ಇವರು ದಾರಿ ನೋಡುತ್ತಲೇ ಓಡಿಸುತ್ತಿದ್ದರು. ನಾಲ್ಕನೇ ತಿರುವು ಕಳೆದ ಮೇಲೆ ಕೇಳಿದರು, "ನಿನ್ನೆ ದೀಪ ಹತ್ತಿತ್ತು, ಅಲ್ವಾ?"

ನಾನು ಕಿಟಕಿಯ ಕಡೆ ತಿರುಗಿದೆ.

"ಮಂಜು ಇತ್ತಲ್ಲ. ಕನ್ನಡಿಯಲ್ಲಿ ನಿನ್ನ ಬಿಳಿ ಹೆಲ್ಮೆಟ್ಟು ಇದ್ದಕ್ಕಿದ್ದ ಹಾಗೆ ಕೆಂಪಗಾಯ್ತು. ಮುಖಾನೂ. ಆಮೇಲೆ ನೀನು ಇಲ್ಲ ಅಂದೆ."

"ಕೆಲಸ ಹೋಗುತ್ತೆ ಅಂತ ರೀ..."

"ಗೊತ್ತು. ಪೆಟ್ಟಿಗೆ ಹೇಳ್ದಾಗ ನಾನು ನಂಬಿರಲಿಲ್ಲ. ಭಾವ ಹೇಳ್ದಾಗಲೂ ನಂಬಿರಲಿಲ್ಲ. ಸೂಜಿ ಚುಚ್ಚಿದ್ರೆ ನೋವಾಗ್ತಿತ್ತು, ಗಾಡೀದೇ ಏನೋ ತಪ್ಪು ಅಂತಾನೇ ಅಂದ್ಕೊಂಡಿದ್ದೆ." ಇವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. "ನೀನು ಯಾವತ್ತೂ ನನಗೋಸ್ಕರ ಸುಳ್ಳು ಹೇಳ್ದೋಳಲ್ಲ. ಮುಖದ ಮೇಲೆ ಹೊಡೆದ ಹಾಗೆ ಹೇಳೋಳು. ನೀನು ಇಲ್ಲ ಅಂದಾಗಲೇ ನನ್ನ ಕಾಲು ಹೋಯ್ತು ಅಂತ ಗಟ್ಟಿಯಾಯ್ತು. ರಾತ್ರಿಯೆಲ್ಲ ಅದು ನನ್ನ ಕಾಲು ಅಂತಾನೇ ಅನ್ನಿಸಲಿಲ್ಲ."

ಹಿಂದೆ ಡ್ರಮ್ಮುಗಳಲ್ಲಿ ಗಾಳಿಯ ಪಂಪುಗಳು ಗುಳುಗುಳು ಅನ್ನುತ್ತಿದ್ದವು. ನನಗೆ ಅಳು ಬಂತು. ತಪ್ಪಾಯ್ತು ಅಂದೆ, ನಾನೂ ನಂಬಿಬಿಟ್ಟೆ ಅಂದೆ, ಮತ್ತೆ ತಪ್ಪಾಯ್ತು ಅಂದೆ. ಇವರು ಒಂದು ಕೈ ನನ್ನ ಮಂಡಿಯ ಮೇಲಿಟ್ಟು, ಮುಂದಿನ ತಿರುವಿಗೆ ಮುಂಚೆ ಮತ್ತೆ ಸ್ಟೇರಿಂಗಿಗೆ ತೆಗೆದುಕೊಂಡರು.

"ಇನ್ನೊಂದು ಸಲ ಏನಾದ್ರೂ ಕಂಡ್ರೆ, ಕಂಡ ಹಾಗೇ ಹೇಳು" ಅಂದರು. "ನಿನ್ನ ಬಾಯಿಂದ ಕೇಳಿದ್ರೆ ತಡ್ಕೋಬಲ್ಲೆ."